ಪ್ರಶ್ನೋತ್ತರ: ಲಾಗಿನ್ ಸರ್ವರ್‌ಗೆ ಕಾವಲು

ವೈಫೈ ಮತ್ತು ಇಂಟರ್ನೆಟ್ ಸಂಪರ್ಕಗಳಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಪರಿಶೀಲಿಸುವ ರೇಡಿಯಸ್ ಸರ್ವರ್ ಕುರಿತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರೆಲ್ಲರೂ ಫ್ರೀರೇಡಿಯಸ್ ಎಂಬ ಮುಕ್ತ ತಂತ್ರಾಂಶವನ್ನೇ ಬಳಸುತ್ತಿರುವುದರಿಂದ, ಉತ್ತರಗಳು ಅದರ 3ನೇ ಆವೃತ್ತಿಗೂ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ವ್ಯವಸ್ಥೆಗೂ ಸಂಬಂಧಿಸಿವೆ. ಸಂಸ್ಥೆಗಳ ಹೆಸರನ್ನು ಬಿಟ್ಟು ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಸರ್, ಬಾಗಲಕೋಟೆ ನವನಗರದ ಒಂದು ಕಾಲೇಜಿನಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಹಾಸ್ಟೆಲಿನ ವೈಫೈಗಾಗಿ ಉಬುಂಟು ಕಂಪ್ಯೂಟರಿನಲ್ಲಿ ಫ್ರೀರೇಡಿಯಸ್ ಹಾಕಿದ್ದೇವೆ. ಹಿಂದೆ ಇದ್ದವರು ಹೇಳಿಕೊಟ್ಟಂತೆ ಟರ್ಮಿನಲ್ ತೆರೆದು, ದೊಡ್ಡಕ್ಷರದ ಎಕ್ಸ್ ಆಯ್ಕೆಯೊಂದಿಗೆ ಸರ್ವರನ್ನು ಶುರು ಮಾಡಿ, ಆ ವಿಂಡೋವನ್ನು ಹಾಗೆಯೇ ಬಿಟ್ಟಿರುತ್ತೇವೆ. ಯಾರಾದರೂ ಅದನ್ನು ಮುಚ್ಚಿದರೆ ಇಡೀ ಹಾಸ್ಟೆಲಿಗೆ ಲಾಗಿನ್ ನಿಂತುಹೋಗುತ್ತದೆ. ಸರ್ವಿಸ್ ಆಗಿ ಶುರು ಮಾಡಲು ಹೋದರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದು ಬರುತ್ತದೆ. ಇದನ್ನು ಹಿನ್ನೆಲೆಯಲ್ಲಿ ಓಡುವಂತೆ ಮಾಡುವುದು ಹೇಗೆ? ಬಿದ್ದರೆ ತಾನಾಗಿಯೇ ಏಳುವಂತೆ ಮಾಡಬಹುದೇ?

ಉತ್ತರ: ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ದೊಡ್ಡಕ್ಷರದ ಎಕ್ಸ್ ಇರುವುದು ದೋಷ ಹುಡುಕುವುದಕ್ಕೆ. ಆ ಸ್ಥಿತಿಯಲ್ಲಿ ಸರ್ವರ್ ಟರ್ಮಿನಲ್‌ಗೆ ಅಂಟಿಕೊಂಡು, ಒಂದೇ ಥ್ರೆಡ್‌ನಲ್ಲಿ (ಕೆಲಸದ ಎಳೆಯಲ್ಲಿ), ಒಂದು ಕೋರಿಕೆ ಮುಗಿಸಿದ ಮೇಲೆ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತದೆ. ಜೊತೆಗೆ ಪ್ರತಿಯೊಂದು ವಿವರವನ್ನೂ ತೆರೆಯ ಮೇಲೆ ಬರೆಯುತ್ತದೆ. ಪಾಸ್‌ವರ್ಡನ್ನೇ ಸರ್ವರ್‌ಗೆ ಕಳುಹಿಸುವ ಪಿಎಪಿ ವಿಧಾನದಲ್ಲಿ ಬಂದ ಪಾಸ್‌ವರ್ಡ್ ಅಲ್ಲಿ ಇದ್ದದ್ದು ಇದ್ದಂತೆಯೇ ಕಾಣುತ್ತದೆ. ಲ್ಯಾಬಿಗೆ ಬಂದುಹೋಗುವವರೆಲ್ಲರ ಕಣ್ಣಿಗೆ ವಿದ್ಯಾರ್ಥಿಗಳ ಪಾಸ್‌ವರ್ಡ್ ಬೀಳುವಂತಿರುವುದು, ಲಾಗಿನ್ ನಿಲ್ಲುವುದಕ್ಕಿಂತಲೂ ಗಂಭೀರವಾದ ಸಂಗತಿ. ಆದ್ದರಿಂದ ಮೊದಲು ಈ ಪದ್ಧತಿಯನ್ನು ಕೈಬಿಡಿ.

ಉಬುಂಟುವಿನಲ್ಲಿ ಫ್ರೀರೇಡಿಯಸ್ ಪ್ಯಾಕೇಜನ್ನು ಹಾಕಿದ ಕೂಡಲೇ ಅದರ ಸರ್ವಿಸ್ ತಾನಾಗಿ ಶುರುವಾಗುತ್ತದೆ. ದೃಢೀಕರಣದ ಕೋರಿಕೆಗಳು ಬರುವ ಯುಡಿಪಿ 1812ನೇ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರತಿ ಹಿಡಿದುಕೊಳ್ಳಬಲ್ಲದು. ಟರ್ಮಿನಲ್‌ನಲ್ಲಿರುವ ಪ್ರತಿ ಅದನ್ನು ಹಿಡಿದಿದ್ದರೆ ಸರ್ವಿಸ್‌ಗೆ ಸಿಗುವುದಿಲ್ಲ. ಸರ್ವಿಸ್ ಹಿಡಿದಿದ್ದರೆ ಟರ್ಮಿನಲ್‌ನ ಪ್ರತಿಗೆ ಸಿಗುವುದಿಲ್ಲ. ನಿಮಗೆ ಬಂದ ಸಂದೇಶದ ಅರ್ಥ ಇಷ್ಟೇ. ಟರ್ಮಿನಲ್‌ನಲ್ಲಿರುವುದನ್ನು ನಿಲ್ಲಿಸಿ, ದೊಡ್ಡಕ್ಷರದ ಸಿ ಮತ್ತು ಎಕ್ಸ್ ಆಯ್ಕೆಗಳನ್ನು ಒಟ್ಟಿಗೆ ಕೊಟ್ಟು ಕಾನ್ಫಿಗ್ ಕಡತಗಳನ್ನು ಪರೀಕ್ಷಿಸಿ. ಹಾಗೆ ಕೊಟ್ಟಾಗ ಸರ್ವರ್ ಎಲ್ಲ ಕಡತಗಳನ್ನೂ ಓದಿ, ತಪ್ಪಿದ್ದರೆ ಯಾವ ಕಡತದ ಎಷ್ಟನೇ ಸಾಲು ಎಂದು ಹೇಳಿ ಹೊರಬರುತ್ತದೆ. ತಪ್ಪಿಲ್ಲವೆಂದಾದರೆ ಸಿಸ್ಟಮ್‌ಸಿಟಿಎಲ್ ಆದೇಶದಿಂದ ಫ್ರೀರೇಡಿಯಸ್ ಸರ್ವಿಸನ್ನು ‘ಎನೇಬಲ್’ ಮಾಡಿ, ಆಮೇಲೆ ‘ಸ್ಟಾರ್ಟ್’ ಮಾಡಿ. ‘ಸ್ಟಾರ್ಟ್’ ಈಗಿನ ಮಟ್ಟಿಗೆ ಮಾತ್ರ. ಕಂಪ್ಯೂಟರ್ ಮತ್ತೆ ಶುರುವಾದಾಗಲೂ ಸರ್ವಿಸ್ ಏಳಬೇಕೆಂದರೆ ‘ಎನೇಬಲ್’ ಆಗಿರಲೇಬೇಕು.

ಕೆಲವರು ಆದೇಶದ ಕೊನೆಗೆ ಆಂಪರ್‌ಸ್ಯಾಂಡ್ ಹಾಕಿ ಅಥವಾ ಸ್ಕ್ರೀನ್ ಎಂಬ ಉಪಕರಣದೊಳಗೆ ಓಡಿಸಿ ಹಿನ್ನೆಲೆಗೆ ತಳ್ಳುತ್ತಾರೆ. ವಿಂಡೋ ಮುಚ್ಚಿದರೂ ಸರ್ವರ್ ಉಳಿಯಬಹುದು ಎಂಬುದು ನಿಜ. ಆದರೆ ಅದು ಸತ್ತರೆ ಎಬ್ಬಿಸಲು, ಏಕೆ ಸತ್ತಿತು ಎಂದು ಬರೆದಿಡಲು ಯಾರೂ ಇರುವುದಿಲ್ಲ. ಸರ್ವರ್‌ಗೆ ಒಬ್ಬ ಪೋಷಕ ಪ್ರಕ್ರಿಯೆ ಬೇಕು. ಸಿಸ್ಟಮ್‌ಡಿ ಬರುವ ಮೊದಲು ಡೀಮನ್‌ಟೂಲ್ಸ್ ಕಟ್ಟಿನ ಸೂಪರ್‌ವೈಸ್ ಎಂಬ ಉಪಕರಣ ಈ ಕೆಲಸ ಮಾಡುತ್ತಿತ್ತು. ಈಗ ಅದೇ ತತ್ತ್ವವನ್ನು ಸಿಸ್ಟಮ್‌ಡಿ ಪಾಲಿಸುತ್ತದೆ: ಪೋಷಕ ಪ್ರಕ್ರಿಯೆಯ ಕಣ್ಣಿಗೆ ಬೀಳುವಂತೆ ಸರ್ವರ್ ಮುನ್ನೆಲೆಯಲ್ಲಿಯೇ ಓಡಬೇಕು. ಆದ್ದರಿಂದಲೇ ಪ್ಯಾಕೇಜಿನ ಯೂನಿಟ್ ಕಡತದಲ್ಲಿ, ಅಂದರೆ ಸರ್ವಿಸನ್ನು ಹೇಗೆ ಓಡಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಕಡತದಲ್ಲಿ, ಸರ್ವರನ್ನು ಚಿಕ್ಕಕ್ಷರದ ಎಫ್ ಆಯ್ಕೆಯೊಂದಿಗೆ ಶುರು ಮಾಡಿರುತ್ತಾರೆ. ಟರ್ಮಿನಲ್ ಮಾತ್ರ ನಿಮ್ಮಿಂದ ಸಿಸ್ಟಮ್‌ಡಿಯ ಕೈಗೆ ಹೋಗಿರುತ್ತದೆ.

ತಾನಾಗಿ ಏಳುವ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ‘ರೀಸ್ಟಾರ್ಟ್’ ಎಂಬಲ್ಲಿ ‘ಆನ್-ಫೇಲ್ಯೂರ್’ ಎಂದಿದ್ದರೆ ಸರ್ವರ್ ತಪ್ಪಿನಿಂದ ಸತ್ತಾಗ ಮಾತ್ರ ಸಿಸ್ಟಮ್‌ಡಿ ಅದನ್ನು ಎಬ್ಬಿಸುತ್ತದೆ. ನೀವಾಗಿಯೇ ನಿಲ್ಲಿಸಿದರೆ ಸುಮ್ಮನಿರುತ್ತದೆ. ಇದು ಸರಿಯಾದ ಆಯ್ಕೆ. ಆದರೆ ಎರಡು ಯತ್ನಗಳ ನಡುವಿನ ಬಿಡುವನ್ನು ನೀವು ಬರೆಯದಿದ್ದರೆ ಸಿಸ್ಟಮ್‌ಡಿ ಕೇವಲ 100 ಮಿಲಿಸೆಕೆಂಡು ಕಾಯುತ್ತದೆ, ಮತ್ತು 10 ಸೆಕೆಂಡಿನೊಳಗೆ 5 ಬಾರಿ ಶುರುವಾದ ಮೇಲೂ ಸರ್ವರ್ ಬಿದ್ದರೆ ಕೈಚೆಲ್ಲಿ ‘ಫೇಲ್ಡ್’ ಎಂದು ಬರೆದು ಕುಳಿತುಬಿಡುತ್ತದೆ. ಅಂದರೆ ಒಂದೆರಡು ಸೆಕೆಂಡಿನ ಅಡಚಣೆಯೂ ಸರ್ವರನ್ನು ಬೆಳಗಿನವರೆಗೆ ಮಲಗಿಸಬಹುದು. ಬಿಡುವನ್ನು 5 ಸೆಕೆಂಡಿಗೆ ಏರಿಸಿದರೆ 10 ಸೆಕೆಂಡಿನಲ್ಲಿ 5 ಯತ್ನಗಳಾಗುವುದೇ ಇಲ್ಲ. ಹಾಗಾಗಿ ಸಿಸ್ಟಮ್‌ಡಿ ಸೋಲೊಪ್ಪದೆ ಯತ್ನಿಸುತ್ತಲೇ ಇರುತ್ತದೆ. ಇದರಿಂದ ಇನ್ನೊಂದು ಅಪಾಯ ಹುಟ್ಟುತ್ತದೆ. ಕಾನ್ಫಿಗ್ ಕಡತದಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋಗಿದ್ದರೂ ರಾತ್ರಿಯಿಡೀ ಏಳುವುದು ಬೀಳುವುದು ನಡೆದಿರುತ್ತದೆ, ಮತ್ತು ‘ಆನ್‌ಫೇಲ್ಯೂರ್’ ಎಂದು ನೀವು ಜೋಡಿಸಿಟ್ಟ ಎಚ್ಚರಿಕೆ ಒಮ್ಮೆಯೂ ಬರುವುದಿಲ್ಲ, ಏಕೆಂದರೆ ಯತ್ನಗಳ ಮಿತಿ ಮುಗಿಯುವವರೆಗೆ ಸರ್ವಿಸ್ ‘ಫೇಲ್ಡ್’ ಸ್ಥಿತಿಗೆ ಹೋಗುವುದಿಲ್ಲ. ನಾನು ಸೂಚಿಸುವುದು ಇಷ್ಟು: ಬಿಡುವು 5 ಸೆಕೆಂಡಿರಲಿ, ಮಿತಿಯ ಅವಧಿಯನ್ನು 10 ನಿಮಿಷಕ್ಕೆ ಹಿಗ್ಗಿಸಿ, ಅದರೊಳಗೆ 20 ಯತ್ನಗಳಿಗೆ ಅವಕಾಶ ಕೊಡಿ. ಸಣ್ಣ ಅಡಚಣೆಯಾದರೆ ಸರ್ವರ್ ದಾಟಿಕೊಳ್ಳುತ್ತದೆ. ದೊಡ್ಡದಾದರೆ ನಿಮಗೆ ಸುದ್ದಿ ಬರುತ್ತದೆ.

ಈ ಬದಲಾವಣೆಗಳನ್ನು ಮೂಲ ಯೂನಿಟ್ ಕಡತದಲ್ಲಿ ಮಾಡಬೇಡಿ. ಪ್ಯಾಕೇಜ್ ಹೊಸ ಆವೃತ್ತಿಗೆ ಹೋದಾಗ ಅಳಿಸಿಹೋಗುತ್ತವೆ. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಎಂದು ಕೊಟ್ಟರೆ ನಿಮ್ಮ ತಿದ್ದುಪಡಿಗಳಿಗೆ ಪ್ರತ್ಯೇಕ ಕಡತ ತೆರೆಯುತ್ತದೆ. ಸರ್ಟಿಫಿಕೇಟಿನ ಖಾಸಗಿ ಕೀಲಿಯನ್ನು ನೀವು ರೂಟ್ ಆಗಿ ನಕಲು ಮಾಡಿದ್ದರೆ, ಸರ್ವರ್ ಓಡುವ ‘ಫ್ರೀರ್‍ಯಾಡ್’ ಎಂಬ ಬಳಕೆದಾರನಿಗೆ ಅದನ್ನು ಓದುವ ಅನುಮತಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಆ ಕೀಲಿಯನ್ನು ಯಾರದಾದರೂ ಹೋಮ್ ಡೈರೆಕ್ಟರಿಯಲ್ಲಿ ಇಡಲೇಬೇಡಿ.

ಪ್ರಶ್ನೆ: ವಿಜಯಪುರದಲ್ಲಿ ಕೇಬಲ್ ಜೊತೆಗೆ ಇಂಟರ್ನೆಟ್ ಕೊಡುವ ಸಣ್ಣ ಉದ್ಯಮ ನಮ್ಮದು. ಸಂಜೆ 8ರ ಹೊತ್ತಿಗೆ ಗ್ರಾಹಕರ ಫೋನ್ ಶುರುವಾಗುತ್ತದೆ: ‘ಲಾಗಿನ್ ಆಗುತ್ತಿಲ್ಲ ಅಣ್ಣಾ’ ಎಂದು. ಸರ್ವರ್ ನೋಡಿದರೆ ‘ಆಕ್ಟಿವ್, ರನ್ನಿಂಗ್’ ಎಂದು ಹಸಿರು ಬಣ್ಣದಲ್ಲಿದೆ. ಪಿಂಗ್ ಬರುತ್ತದೆ. ನಿಗಾ ತಂತ್ರಾಂಶವೂ ಎಲ್ಲ ಸರಿ ಎನ್ನುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗಿ, ಮರುದಿನ ಸಂಜೆ ಮತ್ತೆ ಅದೇ ಗೋಳು. ಲಾಗ್‌ನಲ್ಲಿ ‘ಅನ್‌ರೆಸ್ಪಾನ್ಸಿವ್ ಚೈಲ್ಡ್ ಫಾರ್ ರಿಕ್ವೆಸ್ಟ್, ಇನ್ ಕಾಂಪೊನೆಂಟ್ ಅಕೌಂಟಿಂಗ್, ಮಾಡ್ಯೂಲ್ ಎಸ್‌ಕ್ಯೂಎಲ್’ ಎಂಬ ಸಾಲುಗಳು ಸಾಲುಸಾಲಾಗಿ ಇವೆ. ನಾವು ಯಾವುದರ ಮೇಲೆ ನಿಗಾ ಇಡಬೇಕಿತ್ತು?

ಉತ್ತರ: ಈ ಸಲದ ಪತ್ರಗಳಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕಚೇರಿಯ ಬಾಗಿಲು ತೆರೆದಿದೆ, ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಒಳಗೆ ಗುಮಾಸ್ತರು ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಹೇಳಲಾಗದು. ಸಿಸ್ಟಮ್‌ಡಿಯ ಹಸಿರು ಬಣ್ಣ ಹೇಳುವುದು ಪ್ರಕ್ರಿಯೆ ಜೀವಂತವಾಗಿದೆ ಎಂಬುದನ್ನಷ್ಟೇ. ಪಿಂಗ್ ಹೇಳುವುದು ಕಂಪ್ಯೂಟರ್ ಜಾಲದಲ್ಲಿದೆ ಎಂದು. ರೇಡಿಯಸ್ ನಡೆಯುವುದು ಯುಡಿಪಿಯ ಮೇಲೆ. ಟಿಸಿಪಿಯಂತೆ ಮೊದಲು ಕೈಕುಲುಕಿ ಸಂಪರ್ಕ ಬೆಳೆಸುವ ಕ್ರಮ ಅದಕ್ಕಿಲ್ಲವಾದ್ದರಿಂದ, ಪೋರ್ಟ್ ತೆರೆದಿದೆಯೇ ಎಂದು ಹೊರಗಿನಿಂದ ತಟ್ಟಿ ನೋಡುವ ಸಾಮಾನ್ಯ ಪರೀಕ್ಷೆ ಇಲ್ಲಿ ಏನನ್ನೂ ತಿಳಿಸುವುದಿಲ್ಲ. ಯೂನಿಟ್ ಕಡತದಲ್ಲಿ ವಾಚ್‌ಡಾಗ್ ಇದ್ದರೆ, ಸರ್ವರ್‌ನ ಮುಖ್ಯ ಭಾಗ ನಿಗದಿತ ಹೊತ್ತಿಗೊಮ್ಮೆ ಸಿಸ್ಟಮ್‌ಡಿಗೆ ಕ್ಷೇಮಸಮಾಚಾರ ಕಳುಹಿಸುತ್ತದೆ. ಆದರೆ ಕೋರಿಕೆಗಳನ್ನು ನಿರ್ವಹಿಸುವ ಥ್ರೆಡ್‌ಗಳೆಲ್ಲ ಸಿಕ್ಕಿಹಾಕಿಕೊಂಡಿದ್ದರೂ ಮುಖ್ಯ ಭಾಗ ಮಾತ್ರ ‘ಕ್ಷೇಮ’ ಎನ್ನುತ್ತಲೇ ಇರಬಹುದು.

ನಿಮ್ಮಲ್ಲಿ ಆಗುತ್ತಿರುವುದು ಅದೇ. ನೀವು ಕಳುಹಿಸಿದ ಸಾಲನ್ನು ಬಿಡಿಸಿ ಓದೋಣ. ‘ಚೈಲ್ಡ್’ ಎಂದರೆ ಒಂದು ಥ್ರೆಡ್. ಅದು ಅಕೌಂಟಿಂಗ್ ಕೋರಿಕೆಯೊಂದನ್ನು, ಅಂದರೆ ಗ್ರಾಹಕರು ಎಷ್ಟು ಹೊತ್ತು, ಎಷ್ಟು ಡೇಟಾ ಬಳಸಿದರು ಎಂಬ ಲೆಕ್ಕವನ್ನು ಬರೆಯಲು ಡೇಟಾಬೇಸ್ ಬಳಿ ಹೋಗಿ ಅಲ್ಲಿಯೇ ನಿಂತುಬಿಟ್ಟಿದೆ. ಎಷ್ಟು ಕಾದರೂ ಮರಳಿಲ್ಲ. ಮೂಲ ಕಾನ್ಫಿಗ್‌ನಲ್ಲಿ ಥ್ರೆಡ್‌ಗಳ ಗರಿಷ್ಠ ಸಂಖ್ಯೆ 32. ಆ 32ಕ್ಕೆ 32 ಥ್ರೆಡ್‌ಗಳೂ ಡೇಟಾಬೇಸ್ ಮುಂದೆ ಸರದಿಯಲ್ಲಿ ನಿಂತರೆ, ಹೊಸದಾಗಿ ಲಾಗಿನ್ ಆಗಲು ಬಂದವರಿಗೆ ಉತ್ತರಿಸಲು ಯಾವುದೂ ಉಳಿಯುವುದಿಲ್ಲ. ಉತ್ತರ ಬಾರದಿದ್ದಾಗ ರೂಟರ್ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಕೆಲವು ರೂಟರುಗಳು ಕಾಯುವ ಅವಧಿ ಒಂದು ಸೆಕೆಂಡಿಗಿಂತಲೂ ಕಡಿಮೆ. ಹೀಗೆ ನಿಧಾನವಾಗಿರುವ ಸರ್ವರ್ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ. ನೀವು ರೀಸ್ಟಾರ್ಟ್ ಮಾಡಿದಾಗ ಸರದಿಯೇ ಅಳಿಸಿಹೋಗಿ ಡೇಟಾಬೇಸ್‌ಗೆ ಉಸಿರಾಡಲು ಹೊತ್ತು ಸಿಗುತ್ತದೆ. ರೋಗ ಅಲ್ಲಿಯೇ ಉಳಿದಿರುವುದರಿಂದ ಮರುದಿನ ಸಂಜೆ ಎಲ್ಲ ಮನೆಗಳಲ್ಲೂ ಟಿವಿ, ಮೊಬೈಲು ಒಟ್ಟಿಗೆ ಶುರುವಾದಾಗ ಅದು ಮರುಕಳಿಸುತ್ತದೆ.

ಮೊದಲು ಅಕೌಂಟಿಂಗ್‌ನ ಹೊರೆ ಇಳಿಸಿ. ಸಂಪರ್ಕದಲ್ಲಿರುವ ಪ್ರತಿ ಗ್ರಾಹಕರ ಲೆಕ್ಕವನ್ನು ರೂಟರ್ ಆಗಾಗ ಕಳುಹಿಸುವ ‘ಇಂಟರಿಮ್ ಅಪ್‌ಡೇಟ್’ ಅವಧಿಯನ್ನು ಬಹಳಷ್ಟು ಕಡೆ 1 ನಿಮಿಷಕ್ಕೆ ಇಟ್ಟಿರುತ್ತಾರೆ. 2000 ಮನೆಗಳಿದ್ದರೆ ಸೆಕೆಂಡಿಗೆ ಸುಮಾರು 33 ಬರಹಗಳಾದವು. ರೇಡಿಯಸ್ ವಿಸ್ತರಣೆಗಳನ್ನು ವಿವರಿಸುವ ಇಂಟರ್ನೆಟ್ ತಾಂತ್ರಿಕ ದಾಖಲೆಯಾದ ಆರ್‌ಎಫ್‌ಸಿ 2869 ಈ ಅವಧಿ 60 ಸೆಕೆಂಡಿಗಿಂತ ಕಡಿಮೆ ಇರಲೇಬಾರದು, 600 ಸೆಕೆಂಡಿಗಿಂತ ಕಡಿಮೆ ಇರದಿದ್ದರೆ ಒಳ್ಳೆಯದು ಎನ್ನುತ್ತದೆ. 10 ನಿಮಿಷಕ್ಕೆ ಏರಿಸಿದರೆ ಹೊರೆ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಳೆಯ ತಿಂಗಳುಗಳ ಸಾಲುಗಳನ್ನು ‘ರ್‍ಯಾಡ್‌ಅಕೌಂಟ್’ ಕೋಷ್ಟಕದಿಂದ ಬೇರೆ ಕೋಷ್ಟಕಕ್ಕೆ ಸಾಗಿಸಿ. ಇದರಾಚೆಗೂ ತೊಂದರೆ ಉಳಿದರೆ, ಫ್ರೀರೇಡಿಯಸ್ ಜೊತೆಗೆ ಮಾದರಿಯಾಗಿ ಬರುವ ‘ಬಫರ್ಡ್ ಎಸ್‌ಕ್ಯೂಎಲ್’ ಎಂಬ ಏರ್ಪಾಡನ್ನು ನೋಡಿ. ಅದರಲ್ಲಿ ಲೆಕ್ಕವನ್ನು ಮೊದಲು ಡಿಸ್ಕ್‌ನ ಕಡತವೊಂದಕ್ಕೆ ಬರೆದು ರೂಟರ್‌ಗೆ ಕೂಡಲೇ ಉತ್ತರ ಕೊಡಲಾಗುತ್ತದೆ. ಆ ಕಡತದಿಂದ ಡೇಟಾಬೇಸ್‌ಗೆ ಸಾಗಿಸುವ ಕೆಲಸ ಹಿಂದಿನಿಂದ ತನ್ನ ವೇಗದಲ್ಲಿ ನಡೆಯುತ್ತದೆ. ಲೆಕ್ಕ ಬರೆಯುವುದು ನಿಧಾನವಾದರೂ ಅದರಿಂದಾಗಿ ಥ್ರೆಡ್‌ಗಳೆಲ್ಲ ಸಿಕ್ಕಿಹಾಕಿಕೊಂಡು ಲಾಗಿನ್ ನಿಲ್ಲುವುದಿಲ್ಲ.

ಇನ್ನು ನಿಗಾ. ಸರ್ವರ್ ಬದುಕಿದೆಯೇ ಎಂದು ನೋಡುವ ಬದಲು ಅದಕ್ಕೆ ಪ್ರಶ್ನೆ ಕೇಳಿ, ಉತ್ತರ ಪಡೆದು, ಉತ್ತರಕ್ಕೆ ಹಿಡಿದ ಹೊತ್ತನ್ನು ಅಳೆಯಬೇಕು. ಕೇಳುವುದಕ್ಕೆ ಎರಡು ಬಗೆಗಳಿವೆ. ಒಂದು, 2010ರ ಆರ್‌ಎಫ್‌ಸಿ 5997 ವಿವರಿಸುವ ‘ಸ್ಟೇಟಸ್-ಸರ್ವರ್’ ಕೋರಿಕೆ. ಫ್ರೀರೇಡಿಯಸ್‌ನ ‘ಸ್ಟೇಟಸ್’ ಎಂಬ ಮಾದರಿ ಕಡತವನ್ನು ಚಾಲ್ತಿಗೊಳಿಸಿದರೆ 18121ನೇ ಪೋರ್ಟಿನಲ್ಲಿ ಅದು ಉತ್ತರಿಸುತ್ತದೆ. ಎಷ್ಟು ಕೋರಿಕೆ ಬಂದವು, ಎಷ್ಟನ್ನು ಒಪ್ಪಲಾಯಿತು, ಎಷ್ಟನ್ನು ತಳ್ಳಲಾಯಿತು, ಎಷ್ಟು ಪುನರಾವರ್ತನೆಯಾದವು, ಎಷ್ಟನ್ನು ಉತ್ತರಿಸದೆ ಕೈಬಿಡಲಾಯಿತು ಎಂಬ ಎಣಿಕೆಗಳನ್ನು ಕೇಳಿ ಪಡೆಯಬಹುದು. ನಿಮ್ಮ ಸಂದರ್ಭದಲ್ಲಿ ಕಣ್ಣಿಡಬೇಕಾದದ್ದು ಪುನರಾವರ್ತನೆಯ ಎಣಿಕೆಯ ಮೇಲೆ. ಗ್ರಾಹಕರ ಫೋನ್ ಬರುವುದಕ್ಕೆ ಎಷ್ಟೋ ಮೊದಲು ಅದು ಏರತೊಡಗಿರುತ್ತದೆ. ಆ ಮಾದರಿ ಕಡತದಲ್ಲಿ ಮೊದಲೇ ಬರೆದಿರುವ ರಹಸ್ಯ ಪದವನ್ನು ಬದಲಿಸುವುದನ್ನು ಮರೆಯಬೇಡಿ. ಅದು ಜಗತ್ತಿಗೆಲ್ಲ ಗೊತ್ತಿರುವ ಪದ.

ಎರಡನೆಯದು ಇನ್ನೂ ಮುಖ್ಯ. ನಿಜವಾದ ಲಾಗಿನ್ ಮಾಡಿ ನೋಡಿ. ಗ್ರಾಹಕರ ಹೆಸರುಗಳಿರುವ ಅದೇ ಡೇಟಾಬೇಸ್‌ನಲ್ಲಿ ಪರೀಕ್ಷೆಗೆಂದು ಒಂದು ಖಾತೆ ತೆರೆದು, ಸರ್ವರ್ ಅಲ್ಲದ ಬೇರೊಂದು ಕಂಪ್ಯೂಟರಿನಿಂದ, ಪರೀಕ್ಷಾ ಕೋರಿಕೆ ಕಳುಹಿಸುವ ಉಪಕರಣವಾದ ‘ರ್‍ಯಾಡ್‌ಕ್ಲೈಂಟ್’ ಮೂಲಕ ನಿಮಿಷಕ್ಕೊಮ್ಮೆ ಕೋರಿಕೆ ಕಳುಹಿಸಿ. ನಿಗಾ ಇಡುವ ಆ ಕಂಪ್ಯೂಟರಿನಿಂದ ಬಂದರೆ ಮಾತ್ರ ಆ ಖಾತೆ ಒಪ್ಪಿಗೆಯಾಗುವಂತೆ ನಿರ್ಬಂಧಿಸಿ. ಜೊತೆಗೆ ತಪ್ಪು ಪಾಸ್‌ವರ್ಡ್ ಕೊಟ್ಟು ಇನ್ನೊಂದು ಕೋರಿಕೆಯನ್ನೂ ಕಳುಹಿಸಿ; ಅದು ತಿರಸ್ಕೃತವಾಗಲೇಬೇಕು. ಡೇಟಾಬೇಸ್ ಕೈಕೊಟ್ಟಾಗ ಬಂದವರನ್ನೆಲ್ಲ ಒಳಗೆ ಬಿಡುವಂತೆ ಯಾರೋ ಬರೆದಿಟ್ಟ ನಿಯಮವೊಂದು ಬೆಳಕಿಗೆ ಬರುವುದು ಈ ಪರೀಕ್ಷೆಯಿಂದಲೇ. ತಿರಸ್ಕಾರದ ಉತ್ತರವನ್ನು ಸರ್ವರ್ ಬೇಕೆಂದೇ 1 ಸೆಕೆಂಡ್ ತಡೆದು ಕಳುಹಿಸುತ್ತದೆಯಾದ್ದರಿಂದ ಆ ವಿಳಂಬಕ್ಕೆ ಗಾಬರಿಯಾಗಬೇಕಿಲ್ಲ. ಒಪ್ಪಿಗೆಯ ಉತ್ತರ ಅರ್ಧ ಸೆಕೆಂಡ್ ದಾಟತೊಡಗಿದರೆ ಮಾತ್ರ ಡೇಟಾಬೇಸ್ ಕಡೆ ನೋಡಿ. ಒಂದು ಉತ್ತರ ತಪ್ಪಿದ ಕೂಡಲೇ ಎಚ್ಚರಿಕೆ ಬಾರಿಸಬೇಡಿ, ಯುಡಿಪಿಯಲ್ಲಿ ಒಂದೊಂದು ಪ್ಯಾಕೆಟ್ ಕಳೆದುಹೋಗುವುದು ಸಹಜ. ಸತತ ಮೂರು ತಪ್ಪಿದರೆ ಬಾರಿಸಿ. ಆ ಎಚ್ಚರಿಕೆ ನಿಮ್ಮ ಮೊಬೈಲಿಗೆ ಬರುವ ದಾರಿ ನಿಮ್ಮದೇ ಇಂಟರ್ನೆಟ್ ಆಗಿದ್ದರೆ, ಬೇಕಾದ ಹೊತ್ತಿಗೆ ಅದು ಬರುವುದೇ ಇಲ್ಲ. ಬೇರೆ ಸಿಮ್‌ನ ಎಸ್ಸೆಮ್ಮೆಸ್ ಇಟ್ಟುಕೊಳ್ಳಿ.

ಹಾಸ್ಟೆಲಿನಂತೆ ವೈಫೈ ಲಾಗಿನ್ನಿಗೆ ಇಎಪಿ ಎಂಬ ಹಲವು ಹಂತಗಳ ದೃಢೀಕರಣ ವಿಧಾನ ಬಳಸುವವರಿಗೆ ರ್‍ಯಾಡ್‌ಕ್ಲೈಂಟ್ ಸಾಲದು. ವೈಫೈ ಲಾಗಿನ್ನಿನ ಪೂರ್ತಿ ಸಂವಾದವನ್ನು ನಡೆಸಿ ನೋಡುವ ‘ಇಎಪಿಒಎಲ್ ಟೆಸ್ಟ್’ ಎಂಬ ಉಪಕರಣ ಡಬ್ಲ್ಯುಪಿಎ ಸಪ್ಲಿಕಂಟ್ ತಂತ್ರಾಂಶದ ಜೊತೆಗಿದೆ.

ಪ್ರಶ್ನೆ: ಅಥಣಿ ತಾಲ್ಲೂಕಿನ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಬರಿದಾದ ಮೇಲೆ, ಕರೆಂಟ್ ಬಂದಾಗ ಸರ್ವರ್ ತಾನಾಗಿ ಆನ್ ಆಗುತ್ತದೆ. ಆದರೆ ಫ್ರೀರೇಡಿಯಸ್ ಮಾತ್ರ ‘ಫೇಲ್ಡ್’ ಎಂದು ತೋರಿಸುತ್ತದೆ. ಕೈಯಿಂದ ಸ್ಟಾರ್ಟ್ ಕೊಟ್ಟರೆ ಮರುಮಾತಿಲ್ಲದೆ ಏಳುತ್ತದೆ. ಹೀಗೇಕೆ?

ಉತ್ತರ: ಕೈಯಿಂದ ಕೊಟ್ಟರೆ ಏಳುತ್ತದೆ ಎಂದಾದರೆ ಕಾನ್ಫಿಗ್ ಸರಿಯಿದೆ ಎಂದರ್ಥ, ತಪ್ಪಿರುವುದು ಏಳುವ ಸರದಿಯಲ್ಲಿ. ಈಗಿನ ಕಂಪ್ಯೂಟರುಗಳು ಎಷ್ಟು ಬೇಗ ಶುರುವಾಗುತ್ತವೆಯೆಂದರೆ, ಎದುರಿನ ನೆಟ್‌ವರ್ಕ್ ಸ್ವಿಚ್ ಇನ್ನೂ ಕಣ್ಣು ಬಿಡುವ ಮೊದಲೇ ಫ್ರೀರೇಡಿಯಸ್ ಕೆಲಸಕ್ಕೆ ಇಳಿದಿರುತ್ತದೆ. ನೀವು ಅದಕ್ಕೆ ನಿರ್ದಿಷ್ಟ ಐಪಿ ವಿಳಾಸವೊಂದರಲ್ಲಿ ಕಾಯಲು ಹೇಳಿದ್ದು, ಆ ಹೊತ್ತಿಗೆ ಆ ವಿಳಾಸವೇ ಕಂಪ್ಯೂಟರಿಗೆ ಬಂದಿರದಿದ್ದರೆ ಅದು ಸೋಲುತ್ತದೆ. ಡೇಟಾಬೇಸ್ ತನ್ನ ಹಳೆಯ ಕಡತಗಳನ್ನು ಸರಿಪಡಿಸಿಕೊಳ್ಳುತ್ತಿದ್ದರೂ ಅಷ್ಟೇ. ಹಠಾತ್ತನೆ ಕರೆಂಟ್ ಹೋದ ಮೇಲೆ ಡೇಟಾಬೇಸ್‌ಗೆ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಯಾವುದು ಕಾರಣವೆಂದು ಊಹಿಸಬೇಕಿಲ್ಲ. ‘ಜರ್ನಲ್‌ಸಿಟಿಎಲ್’ ಆದೇಶಕ್ಕೆ ಸರ್ವಿಸ್‌ನ ಹೆಸರನ್ನೂ, ಈ ಬಾರಿಯ ಬೂಟ್ ಮಾತ್ರ ಎಂಬ ಚಿಕ್ಕಕ್ಷರದ ಬಿ ಆಯ್ಕೆಯನ್ನೂ ಕೊಟ್ಟರೆ ಕೊನೆಯ ಸಾಲುಗಳಲ್ಲಿ ಉತ್ತರ ಇರುತ್ತದೆ.

ಐಪಿ ವಿಳಾಸದ ತೊಂದರೆಯಾದರೆ, ತಿದ್ದುಪಡಿ ಕಡತದಲ್ಲಿ ‘ವಾಂಟ್ಸ್’ ಮತ್ತು ‘ಆಫ್ಟರ್’ ಎಂಬ ಎರಡೂ ಕಡೆ ‘ನೆಟ್‌ವರ್ಕ್-ಆನ್‌ಲೈನ್ ಡಾಟ್ ಟಾರ್ಗೆಟ್’ ಎಂದು ಬರೆಯಿರಿ. ‘ನೆಟ್‌ವರ್ಕ್ ಡಾಟ್ ಟಾರ್ಗೆಟ್’ ಎಂದಷ್ಟೇ ಬರೆದರೆ ಸಾಲದು. ಅದು ವಿಳಾಸ ಬರುವವರೆಗೆ ಕಾಯುವುದಿಲ್ಲ. ಡೇಟಾಬೇಸ್ ಅದೇ ಕಂಪ್ಯೂಟರಿನಲ್ಲಿದ್ದರೆ ‘ಆಫ್ಟರ್’ ಸಾಲಿಗೆ ಅದರ ಸರ್ವಿಸನ್ನೂ ಸೇರಿಸಿ. ಬೇರೆ ಕಂಪ್ಯೂಟರಿನಲ್ಲಿದ್ದರೆ ಸಿಸ್ಟಮ್‌ಡಿಯಿಂದ ಏನೂ ಆಗದು. ಆಗ ಫ್ರೀರೇಡಿಯಸ್‌ನ ಎಸ್‌ಕ್ಯೂಎಲ್ ಮಾಡ್ಯೂಲಿನಲ್ಲಿ ಸಂಪರ್ಕಗಳ ‘ಪೂಲ್’ ಎಂಬ ಭಾಗಕ್ಕೆ ಹೋಗಿ ‘ಸ್ಟಾರ್ಟ್’ ಎದುರಿಗೆ 0 ಎಂದು ಬರೆಯಿರಿ. ಹಾಗೆ ಮಾಡಿದರೆ ಡೇಟಾಬೇಸ್ ಸಿಗದಿದ್ದರೂ ಸರ್ವರ್ ಏಳುತ್ತದೆ, ಡೇಟಾಬೇಸ್ ಬಂದಾಗ ಸಂಪರ್ಕ ಬೆಳೆಸಿಕೊಳ್ಳುತ್ತದೆ. ಆ ನಡುವಿನ ಹೊತ್ತಿನಲ್ಲಿ ಅದು ‘ಆಕ್ಟಿವ್’ ಎಂದು ತೋರಿಸುತ್ತಲೇ ಯಾರನ್ನೂ ಒಳಗೆ ಬಿಡದೆ ಇರುತ್ತದೆ. ಆದ್ದರಿಂದ ವಿಜಯಪುರದವರಿಗೆ ಹೇಳಿದ ನಿಜವಾದ ಲಾಗಿನ್ ಪರೀಕ್ಷೆ ಇಲ್ಲದೆ ಈ ಬದಲಾವಣೆ ಮಾಡಬೇಡಿ.

ಪ್ರಶ್ನೆ: ಬೆಳಗಾವಿ ತಿಲಕವಾಡಿಯಿಂದ ಬರೆಯುತ್ತಿದ್ದೇನೆ. ಒಂದು ಕೋಚಿಂಗ್ ಕೇಂದ್ರದ ವೈಫೈ ನನ್ನ ಹೊಣೆ. ಕಳೆದ ತಿಂಗಳು ಡಿಸ್ಕ್ ತುಂಬಿ ಲಾಗಿನ್ ನಿಂತುಹೋಯಿತು. ಲಾಗ್‌ಗಳನ್ನೆಲ್ಲ ಅಳಿಸಿಬಿಡಲೇ? ಯಾವುದನ್ನು ಎಷ್ಟು ದಿನ ಇಡಬೇಕು?

ಉತ್ತರ: ಎಲ್ಲವನ್ನೂ ಅಳಿಸಬೇಡಿ. ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಮಾಹಿತಿ ತಂತ್ರಜ್ಞಾನ ವ್ಯವಸ್ಥೆಗಳ ಲಾಗ್‌ಗಳನ್ನು ಹಿಂದಿನ 180 ದಿನಗಳವರೆಗೆ ಸುರಕ್ಷಿತವಾಗಿ ಇಟ್ಟಿರಬೇಕು. ಕಂಪ್ಯೂಟರಿನ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳೊಂದಿಗೆ, ಇಲ್ಲವೇ ಅವುಗಳಿಗೆ ಹೊಂದಿಸಿದ ಸರ್ವರ್‌ಗಳೊಂದಿಗೆ ಸರಿಹೊಂದಿಸಿಕೊಳ್ಳಬೇಕೆಂದೂ ಅದರಲ್ಲಿದೆ. ಇದು ಕಾಗದದ ನಿಯಮ ಮಾತ್ರವಲ್ಲ. ‘ರಾತ್ರಿ 11ಕ್ಕೆ ಈ ಖಾತೆಯಿಂದ ಯಾರಿದ್ದರು’ ಎಂದು ಪೊಲೀಸರು ಕೇಳಿದಾಗ, ಗಡಿಯಾರ ಹತ್ತು ನಿಮಿಷ ಹಿಂದೆ ಬಿದ್ದಿದ್ದರೆ ತಪ್ಪು ಹುಡುಗನ ಹೆಸರು ಹೊರಬರುತ್ತದೆ.

ನಿಮ್ಮ ಡಿಸ್ಕ್ ತುಂಬಿಸಿದ್ದು ಬಹುಶಃ ‘ರ್‍ಯಾಡ್‌ಅಕೌಂಟ್’ ಡೈರೆಕ್ಟರಿ. ಪ್ರತಿ ಆಕ್ಸೆಸ್ ಪಾಯಿಂಟಿಗೆ ಒಂದರಂತೆ ಅಲ್ಲಿ ಉಪಡೈರೆಕ್ಟರಿ ಇದ್ದು, ದಿನಕ್ಕೊಂದು ‘ಡೀಟೇಲ್’ ಕಡತ ಹುಟ್ಟುತ್ತದೆ. ಸಾಮಾನ್ಯವಾಗಿ ಮುಖ್ಯ ಲಾಗ್ ಕಡತವನ್ನು, ಹಳೆಯ ಲಾಗ್‌ಗಳನ್ನು ಸರದಿಯಂತೆ ತೆಗೆಯುವ ಲಾಗ್‌ರೊಟೇಟ್ ಉಪಕರಣ ನೋಡಿಕೊಳ್ಳುತ್ತದೆ; ಈ ದಿನದಿನದ ಕಡತಗಳು ಅದರ ಕಣ್ಣಿಗೆ ಬೀಳದೆ ಬೆಳೆಯುತ್ತಲೇ ಇರುತ್ತವೆ. ಅದೇ ಲೆಕ್ಕ ಡೇಟಾಬೇಸ್‌ನಲ್ಲಿಯೂ ಇದ್ದರೆ ‘ಡೀಟೇಲ್’ ಬರೆಯುವುದನ್ನು ನಿಲ್ಲಿಸಬಹುದು. ಇಲ್ಲವಾದರೆ ಒಂದು ದಿನ ಹಳೆಯದಾದುದನ್ನು ಜಿಜಿಪ್‌ನಿಂದ ಕುಗ್ಗಿಸಿ, 180 ದಿನ ದಾಟಿದ್ದನ್ನು ತೆಗೆಯುವ ಏರ್ಪಾಡು ಮಾಡಿ. ಡಿಸ್ಕ್ ಶೇಕಡ 80 ತುಂಬಿದಾಗ ಸಂದೇಶ ಬರುವಂತೆ ಇಟ್ಟುಕೊಳ್ಳಿ.

ಮೂಲ ಕಾನ್ಫಿಗ್‌ನಲ್ಲಿ ಲಾಗಿನ್ ಒಪ್ಪಿಗೆ, ತಿರಸ್ಕಾರಗಳನ್ನು ಲಾಗ್‌ಗೆ ಬರೆಯುವುದಿಲ್ಲ. ‘ಲಾಗ್’ ಭಾಗದಲ್ಲಿ ‘ಆತ್’ ಎಂಬುದನ್ನು ‘ಯೆಸ್’ ಮಾಡಿ. ಅದರ ಕೆಳಗೇ ತಪ್ಪು ಪಾಸ್‌ವರ್ಡ್, ಸರಿ ಪಾಸ್‌ವರ್ಡ್‌ಗಳನ್ನು ಬರೆಯಬೇಕೇ ಎಂಬ ಎರಡು ಸಾಲುಗಳಿವೆ. ಎರಡೂ ‘ನೋ’ ಆಗಿಯೇ ಇರಲಿ. ತಪ್ಪು ಪಾಸ್‌ವರ್ಡ್ ಎಂದರೆ ಹೆಚ್ಚಾಗಿ ಸರಿಯಾದುದರಲ್ಲಿ ಒಂದಕ್ಷರ ತಪ್ಪಿದ್ದು, ಅಥವಾ ಆ ವ್ಯಕ್ತಿಯ ಬ್ಯಾಂಕ್ ಖಾತೆಯ ಪಾಸ್‌ವರ್ಡ್. ಅದನ್ನು ಬರೆದಿಟ್ಟುಕೊಳ್ಳುವ ಹಕ್ಕು ನಮಗಿಲ್ಲ.

ಪ್ರಶ್ನೆ: ಜಮಖಂಡಿಯಿಂದ. ದಿನಾ ರಾತ್ರಿ 3ಕ್ಕೆ, ನಿಗದಿತ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್ ಮೂಲಕ ಸರ್ವರ್ ರೀಸ್ಟಾರ್ಟ್ ಮಾಡಿದರೆ ಒಳ್ಳೆಯದೇ?

ಉತ್ತರ: ಬೇಡ. ರೀಸ್ಟಾರ್ಟ್‌ನಿಂದ ಗುಣವಾಗುವ ಕಾಯಿಲೆ ನಿಮ್ಮ ಸರ್ವರ್‌ಗೆ ಇದ್ದರೆ ಅದರ ಲಕ್ಷಣವನ್ನು ನೀವೇ ಅಳಿಸಿದಂತಾಗುತ್ತದೆ. ಇಲ್ಲದಿದ್ದರೆ, ಆ ಹೊತ್ತಿಗೆ ಅರ್ಧದಲ್ಲಿದ್ದ ಲಾಗಿನ್‌ಗಳನ್ನು ಸುಮ್ಮನೆ ಕಡಿದಂತಾಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಹಗಲಲ್ಲಿ ಯಾರೋ ತಿದ್ದಿ ಪರೀಕ್ಷಿಸದೆ ಬಿಟ್ಟ ಕಾನ್ಫಿಗ್ ತಪ್ಪು ರಾತ್ರಿ 3ಕ್ಕೆ ಬಾಯಿ ತೆರೆಯುತ್ತದೆ.

ರೀಸ್ಟಾರ್ಟ್ ಬೇಕಾಗುವ ಸಂದರ್ಭ ಬೇರೆಯಿದೆ. ಇಎಪಿಗೆ ಬಳಸುವ ಸರ್ಟಿಫಿಕೇಟನ್ನು ಹೊಸದು ಮಾಡಿದಾಗ ಬರೀ ‘ರೀಲೋಡ್’ ಕೊಟ್ಟರೆ ಸರ್ವರ್ ಅದನ್ನು ಓದುವುದಿಲ್ಲ, ರೀಸ್ಟಾರ್ಟ್ ಮಾಡಲೇಬೇಕು. ಕಡತದಲ್ಲಿ ಹೊಸ ದಿನಾಂಕ ನೋಡಿ ನಿಶ್ಚಿಂತರಾದವರಿಗೆ, ನೆನಪಿನಲ್ಲಿ ಉಳಿದಿದ್ದ ಹಳೆಯ ಸರ್ಟಿಫಿಕೇಟಿನ ಅವಧಿ ಮುಗಿದ ಬೆಳಿಗ್ಗೆ ಸರ್ಟಿಫಿಕೇಟ್ ಪರಿಶೀಲಿಸುವ ಫೋನುಗಳೆಲ್ಲ ಸಂಪರ್ಕ ನಿರಾಕರಿಸುತ್ತವೆ. ಫ್ರೀರೇಡಿಯಸ್ ಮೂಲದ ಜೊತೆಗೆ ಬರುವ ಪರೀಕ್ಷಾ ಸರ್ಟಿಫಿಕೇಟ್ ತಯಾರಿಸುವ ಕಡತಗಳಲ್ಲಿ ಅವಧಿ 60 ದಿನ ಎಂದು ಬರೆದಿರುತ್ತದೆ. ಅದನ್ನೇ ಬಳಸಿದವರು ಎರಡು ತಿಂಗಳಿಗೆ ಈ ತೊಂದರೆಗೆ ಸಿಲುಕುತ್ತಾರೆ. ಅವಧಿ ಮುಗಿಯಲು 30 ದಿನ ಇರುವಾಗಲೇ ಎಚ್ಚರಿಕೆ ಬರಲಿ.

ಪ್ರಶ್ನೆ: ಬೆಳಗಾವಿಯ ವಿದ್ಯಾರ್ಥಿನಿಲಯವೊಂದರ ಮೇಲ್ವಿಚಾರಕಿ ನಾನು. ವಿಟಿಯು ಫಲಿತಾಂಶ ಬರುವ ಸಂಜೆ ಎಲ್ಲ ಹುಡುಗಿಯರೂ ಒಮ್ಮೆಲೇ ವೈಫೈ ಹಿಡಿಯುತ್ತಾರೆ. ಎರಡನೆಯ ರೇಡಿಯಸ್ ಸರ್ವರ್ ಇಟ್ಟರೆ ಧೈರ್ಯವಾಗಿರಬಹುದು ಎಂದು ನಮ್ಮ ತಂತ್ರಜ್ಞರು ಹೇಳುತ್ತಾರೆ. ಖರ್ಚು ಮಾಡಬಹುದೇ?

ಉತ್ತರ: ಮಾಡಬಹುದು ಮೇಡಂ. ಆಕ್ಸೆಸ್ ಪಾಯಿಂಟುಗಳಲ್ಲಿ ಸಾಮಾನ್ಯವಾಗಿ ಎರಡು ರೇಡಿಯಸ್ ವಿಳಾಸಗಳನ್ನು ಬರೆಯುವ ಅವಕಾಶ ಇರುತ್ತದೆ; ಮೊದಲನೆಯದು ಉತ್ತರಿಸದಿದ್ದರೆ ಎರಡನೆಯದಕ್ಕೆ ಹೋಗುತ್ತವೆ. ಆದರೆ ಎರಡೂ ಸರ್ವರ್‌ಗಳು ಒಂದೇ ಡೇಟಾಬೇಸನ್ನು ನೆಚ್ಚಿಕೊಂಡಿದ್ದರೆ, ಅಥವಾ ಒಂದೇ ಯುಪಿಎಸ್ ಕೆಳಗಿದ್ದರೆ, ಖರ್ಚಿಗೆ ತಕ್ಕ ಧೈರ್ಯ ಸಿಗುವುದಿಲ್ಲ. ಖರೀದಿಗೆ ಮೊದಲು ತಂತ್ರಜ್ಞರನ್ನು ಈ ಎರಡು ವಿಷಯ ಕೇಳಿ.

ನಿಗಾ ಇಡುವವರು ಆಕ್ಸೆಸ್ ಪಾಯಿಂಟ್ ಮೂಲಕ ಲಾಗಿನ್ ಆಗುತ್ತಿದೆಯೇ ಎಂದಷ್ಟೇ ನೋಡಿದರೆ, ಮೊದಲನೆಯ ಸರ್ವರ್ ಸತ್ತು ತಿಂಗಳಾದರೂ ಯಾರಿಗೂ ತಿಳಿಯುವುದಿಲ್ಲ. ಎರಡನೆಯದು ಒಂಟಿಯಾಗಿ ಭಾರ ಹೊತ್ತಿರುತ್ತದೆ. ಆದ್ದರಿಂದ ಪರೀಕ್ಷಾ ಲಾಗಿನ್ ಪ್ರತಿ ಸರ್ವರ್‌ಗೂ ಪ್ರತ್ಯೇಕವಾಗಿ ಹೋಗಬೇಕು. ಎರಡಕ್ಕೂ 2024ರ ಜುಲೈ ನಂತರದ ಆವೃತ್ತಿಯನ್ನೇ ಹಾಕಿಸಿ. ರೇಡಿಯಸ್ ಉತ್ತರಗಳನ್ನು ನಡುದಾರಿಯಲ್ಲಿ ತಿರುಚಲು ಎಡೆಮಾಡುವ ‘ಬ್ಲಾಸ್ಟ್ ರೇಡಿಯಸ್’ ಎಂಬ ದೌರ್ಬಲ್ಯ ಆಗ ಬಯಲಾಯಿತು, ಮತ್ತು ಫ್ರೀರೇಡಿಯಸ್‌ನ 3.2.5ನೇ ಆವೃತ್ತಿಯಲ್ಲಿ ಅದಕ್ಕೆ ತಡೆ ಬಂದಿದೆ. ಹಾಸ್ಟೆಲುಗಳ ಇಎಪಿ ಲಾಗಿನ್‌ಗೆ ಅದು ನೇರವಾಗಿ ತಟ್ಟುವುದಿಲ್ಲ, ಆದರೆ ಅದೇ ಸರ್ವರ್ ಸ್ವಿಚ್ಚು, ರೂಟರುಗಳ ನಿರ್ವಾಹಕರ ಲಾಗಿನ್ನನ್ನೂ ನೋಡಿಕೊಳ್ಳುತ್ತಿದ್ದರೆ ತಟ್ಟುತ್ತದೆ.

ಎಲ್ಲ ಜೋಡಿಸಿದ ಮೇಲೆ, ಫಲಿತಾಂಶದ ದಿನಕ್ಕೆ ಕಾಯದೆ, ರಜೆಯ ಒಂದು ಮಧ್ಯಾಹ್ನ ಮೊದಲನೆಯ ಸರ್ವರನ್ನು ಬೇಕೆಂದೇ ನಿಲ್ಲಿಸಲು ಹೇಳಿ. ನಿಮ್ಮ ಫೋನಿನ ವೈಫೈ ಆರಿಸಿ ಮತ್ತೆ ಹಾಕಿ, ಸಂಪರ್ಕ ಸಿಗಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡಿ. 10 ಸೆಕೆಂಡ್ ದಾಟಿದರೆ ಆಕ್ಸೆಸ್ ಪಾಯಿಂಟಿನಲ್ಲಿ ಕಾಯುವ ಅವಧಿಯನ್ನೂ ಮರುಯತ್ನಗಳ ಸಂಖ್ಯೆಯನ್ನೂ ಇಳಿಸಲು ಹೇಳಿ. ಮೊದಲನೆಯ ಸರ್ವರ್ ನಿಂತಿದೆ ಎಂಬ ಎಚ್ಚರಿಕೆ ಆ ಹೊತ್ತಿಗೆ ತಂತ್ರಜ್ಞರ ಮೊಬೈಲಿಗೆ ಬಂದಿತೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.